ಹಲ್ಲಿ ಹಚ್ಚಿದ ಫೋನು

ಸಿಂಧನೂರಿನಲ್ಲಿ ನಿವೃತ್ತನಾದವನಿಗೆ ಘನತೆಯ ಕೆಲಸಗಳಿಗೇನು ಬರವಿಲ್ಲ. ಎಡದಂಡೆ ಕಾಲುವೆಗೆ ನೀರು ಯಾವಾಗ ಬಿಡುತ್ತಾರೆಂದು ಚಹಾದಂಗಡಿಯಲ್ಲಿ ಕೂತು ವಾದಿಸಬಹುದು, ಸೋನಾಮಸೂರಿ ದರ ಬಿದ್ದದ್ದಕ್ಕೆ ಎದುರಿಗೆ ಕೂತವನನ್ನೇ ಹೊಣೆ ಮಾಡಬಹುದು. ನಾನು ಹಳೆಯ ಟೆಂಪೊ ಟ್ರಾವೆಲರ್ ಕೊಂಡೆ. ಸೀಟು ಕೀಳಿಸಿ, ಮಂಚ ಹಾಕಿಸಿ, ಗ್ಯಾಸ್ ಒಲೆ ಕೂಡಿಸಿ, ಕಿಟಕಿಗಳಿಗೆ ಕಡುಗೆಂಪು ಪರದೆ ಬಿಟ್ಟು ಅದಕ್ಕೆ ‘ಕ್ಯಾರವಾನ್’ ಎಂದು ನಾಮಕರಣ ಮಾಡಿದೆ. ಕ್ಯಾರವಾನ್ ಎಂದರೆ ಶೂಟಿಂಗಿನಲ್ಲಿ ಹೀರೋ ಕೂರುವ ಗಾಡಿ ಎಂದಷ್ಟೇ ತಿಳಿದ ಓಣಿಯ ಹುಡುಗರು “ಸರ, ಪಿಕ್ಚರ್ ಯಾವುದು?” ಎಂದು ಕೇಳತೊಡಗಿದರು. ಹೆಂಡತಿ ಮಾತ್ರ ಅದನ್ನು ಕೊನೆಯವರೆಗೂ ಟಂಟಂ ಎಂದೇ ಕರೆದಳು.

ಮುದಗಲ್ಲ ಕೋಟೆ, ಜಲದುರ್ಗ, ಮಸ್ಕಿಯ ಅಶೋಕನ ಶಾಸನ ಎಂದು ದೊಡ್ಡ ಯಾತ್ರೆಯ ನಕ್ಷೆ ಸಿದ್ಧವಾಗಿತ್ತು. ಆದರೆ ತಾಮ್ರಕ್ಕಾಗಿ ಪಂಪ್‌ಸೆಟ್ಟಿನ ಕೇಬಲ್ಲನ್ನೇ ಕೊಯ್ದುಕೊಂಡು ಹೋಗುವ ಕಾಲದಲ್ಲಿ ಇಂಥ ಗಾಡಿಯನ್ನು ಬೇವಿನ ಮರದ ಕೆಳಗೆ ಬರೀ ಬೀಗ ಹಾಕಿ ನಿಲ್ಲಿಸುವುದೆ? ಚಲನೆ ಹಿಡಿಯುವ ಸೆನ್ಸರ್ ತರಿಸಿದೆ. ಅದರ ಜೊತೆಗೆ ಸೈರನ್ನು, ಸಿಮ್ ಹಾಕುವ ಒಂದು ಪೆಟ್ಟಿಗೆ. ಯಾರಾದರೂ ಒಳಹೊಕ್ಕರೆ ಸೈರನ್ ಕೂಗಿ, ಪೆಟ್ಟಿಗೆಯು ನಾವು ಕೊಟ್ಟ ನಂಬರುಗಳಿಗೆ ಒಂದಾದ ಮೇಲೊಂದರಂತೆ ಫೋನ್ ಹಚ್ಚುತ್ತದೆ.

ಈ ಸೆನ್ಸರಿಗೆ ಕಳ್ಳನ ಮುಖ ಕಾಣುವುದಿಲ್ಲ, ಶಾಖ ಕಾಣುತ್ತದೆ. ಎದುರಿನ ಜಾಗವನ್ನು ಅದರ ಪ್ಲಾಸ್ಟಿಕ್ ಮಸೂರ ಪಟ್ಟಿಪಟ್ಟಿಯಾಗಿ ಹಂಚಿಕೊಂಡಿರುತ್ತದೆ. ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಸುತ್ತಲಿಗಿಂತ ಬೇರೆ ಶಾಖದ ವಸ್ತು ದಾಟಿತೋ, ಕೂಗಿತು. ಇದೆಲ್ಲ ಜೊತೆಗೆ ಬಂದ ಹಾಳೆಯಲ್ಲಿತ್ತು. ಕಿಟಕಿಗೆ ಎದುರಾಗಿ ಕೂಡಿಸಬೇಡಿ ಎಂದೂ ಇತ್ತು. ನಾನು ಅದನ್ನು ಕಿಟಕಿಗೆ ಎದುರಾಗಿಯೇ ಕೂಡಿಸಿದ್ದೆ, ಕಳ್ಳ ಬರುವುದು ಅಲ್ಲಿಂದಲೇ ಅಲ್ಲವೆ?

ಮಧ್ಯಾಹ್ನ ಬಿಸಿಲಿಗೆ ಪರದೆ ಕಾಯುವುದು, ಗಾಳಿ ಬೀಸಿದರೆ ಅದು ಅಲುಗುವುದು, ಓಣಿಗೆ ಓಣಿಯೇ ಎದ್ದು ಕೂರುವುದು. ಬಾಗಿಲು ತೆಗೆದಿಟ್ಟರೆ ಕೋಳಿ. ಕೋಳಿ ಓಡಿಸಲು ಹೋದರೆ ನಾನು. ಪಕ್ಕದ ಮನೆಯವರು ಮಗಳ ಪರೀಕ್ಷೆ ಇದೆಯೆಂದು ಒಂದು ಸಲ ನಯವಾಗಿ ಹೇಳಿದರು, ಎರಡನೆಯ ಸಲ ಇಕ್ಕಳ ಹಿಡಿದುಕೊಂಡೇ ಬಂದರು. ಸೈರನ್ನಿನ ವಾಯರು ಅಂದೇ ತುಂಡಾಯಿತು. ಉಳಿದದ್ದು ಫೋನು.

ಪೆಟ್ಟಿಗೆಯಲ್ಲಿ ಹತ್ತು ಸೆಕೆಂಡಿನ ಸಂದೇಶ ತುಂಬಿಸಲು ಅವಕಾಶವಿತ್ತು. ವರ್ಷಗಟ್ಟಲೆ ಸಭೆಗಳಲ್ಲಿ ಸ್ವಾಗತ ಭಾಷಣ ಮಾಡಿದ ಬಾಯಿ ಇದು. “ಹಲೋ, ನಮಸ್ಕಾರ, ಎಲ್ಲರೂ ಆರಾಮಿದ್ದೀರಿ ಅಂತ ತಿಳ್ಕೋತೀನಿ, ನಾನು ಸಿಂಧನೂರಿಂದ, ದಯವಿಟ್ಟು ಜಲ್ದಿ ಬ...” ಎನ್ನುವಷ್ಟರಲ್ಲಿ ಹತ್ತು ಸೆಕೆಂಡು ತೀರಿ, ಕೊನೆಗೆ ‘ಟೀಂ...’ ಎಂದು ಉದ್ದನೆಯ ಒಂದು ಸದ್ದು. ಗಾಡಿ, ಕಳ್ಳ ಎಂಬ ಎರಡು ಮುಖ್ಯ ಪದಗಳಿಗೆ ಜಾಗವಿರಲಿಲ್ಲ.

ಮೇ ತಿಂಗಳ ಒಂದು ರಾತ್ರಿ ಪೆಟ್ಟಿಗೆ ನನಗೆ ಫೋನ್ ಹಚ್ಚಿತು. ನನ್ನದು ಒಳಕೋಣೆಯಲ್ಲಿ ಚಾರ್ಜಿಗಿತ್ತು. ಹೆಂಡತಿಗೆ ಹಚ್ಚಿತು, ಅವಳು ರಾತ್ರಿ ಸ್ವಿಚ್ ಆಫ್ ಮಾಡುವವಳು. ಮೂರನೆಯದು ಲಿಂಗಸುಗೂರಿನ ನನ್ನ ಭಾವಮೈದುನನ ನಂಬರು. ನಡುರಾತ್ರಿ ಬೀಗರ ಮನೆಯಿಂದ ಫೋನ್ ಬಂದರೆ ನಮ್ಮ ಕಡೆ ಅದಕ್ಕೆ ಒಂದೇ ಅರ್ಥ. ಅವನು ಕೇಳಿಸಿಕೊಂಡದ್ದು ನನ್ನ ಧ್ವನಿ, ಅರ್ಧಕ್ಕೆ ನಿಂತ ಮಾತು, ಆಮೇಲೆ ಸಿನಿಮಾದ ಆಸ್ಪತ್ರೆಯಲ್ಲಿ ಹಸಿರು ಗೆರೆ ನೆಟ್ಟಗಾದಾಗ ಬರುವ ಅದೇ ಸದ್ದು. ತಿರುಗಿ ಹಚ್ಚಿದರೆ ಯಾರೂ ಎತ್ತುತ್ತಿಲ್ಲ.

ಅವನು ಕ್ರೂಸರ್ ಬಾಡಿಗೆಗೆ ಹಿಡಿದ. ಅದರ ತುಂಬ ಜನ. ದಾರಿಯಲ್ಲಿ ಮಸ್ಕಿಯಲ್ಲಿ ನಿಲ್ಲಿಸಿ ನನ್ನ ಹೆಂಡತಿಯ ಸೋದರತ್ತೆಯನ್ನು ಹತ್ತಿಸಿಕೊಂಡ, ಹೂವಿನವನನ್ನು ಎಬ್ಬಿಸಿ ಮಾರುದ್ದದ ಹಾರ ಕಟ್ಟಿಸಿದ.

ನಸುಕಿನಲ್ಲಿ ಬೇವಿನ ಕಡ್ಡಿ ಮುರಿಯಲೆಂದು ಹಿತ್ತಲಿಗೆ ಹೋಗಿದ್ದೆ. ಗೇಟಿನ ಹತ್ತಿರ ಅಳು ಕೇಳಿಸಿತು. ಸೋದರತ್ತೆ ಹಾಡಿಕೊಂಡು ಅಳುವುದರಲ್ಲಿ ಮಸ್ಕಿಗೇ ಹೆಸರಾದವರು. “ಬಂಗಾರದಂಥ ಅಳಿಯಾ, ಒಬ್ಬರಿಗೆ ಎದುರು ಮಾತಾಡಲಿಲ್ಲೋ, ಕೈಯೆತ್ತಿ ಕೊಟ್ಟ ದೊರಿಯೇ” ಎಂದು ರಾಗ ಏರುತ್ತಿತ್ತು. ನಾನು ತಕ್ಷಣ ಹೊರಬರಬೇಕಿತ್ತು. ಆದರೆ ಮದುವೆಯಾದಾಗಿನಿಂದ ಆ ಮನೆತನದವರ ಬಾಯಲ್ಲಿ ನನ್ನ ಬಗ್ಗೆ ಇಂಥ ಮಾತು ಕೇಳಿದವನಲ್ಲ. ಬೇವಿನ ಮರದ ಮರೆಗೆ ನಿಂತು ಇನ್ನೂ ಎರಡು ನುಡಿ ಕೇಳಿದೆ. ಮೂರನೆಯ ನುಡಿಯಲ್ಲಿ “ಬುದ್ಧಿ ಒಂದು ಕಡಿಮಿ ಇತ್ತು” ಎಂದು ಬಂತು, ಹೊರಗೆ ಬಂದೆ. ಹಾರ ಹಿಡಿದ ಭಾವಮೈದುನ ನನ್ನ ಮುಖ ನೋಡಿದ, ಕಡ್ಡಿ ನೋಡಿದ, ಹಾರ ನೋಡಿದ. ಅತ್ತೆ ನನ್ನನ್ನು ಕಣ್ಣಾರೆ ಕಂಡರೂ ಹಿಡಿದ ನುಡಿಯನ್ನು ಮುಗಿಸಿಯೇ ನಿಲ್ಲಿಸಿದರು.

ಗಾಡಿಯ ಬಾಗಿಲು ತೆಗೆದು ನೋಡಿದರೆ ಮಸೂರಕ್ಕೆ ಅಂಟಿಕೊಂಡು ಒಂದು ಹಲ್ಲಿ. ಗೋಡೆಯ ಮೇಲಿದ್ದರೆ ಅದು ಲೆಕ್ಕಕ್ಕಿಲ್ಲ. ಮಸೂರದ ಮೇಲೆಯೇ ಹರಿದಾಡಿದರೆ ಸೆನ್ಸರಿನ ಪಾಲಿಗೆ ಆನೆ. ತಲೆಯ ಮೇಲೆ, ಭುಜದ ಮೇಲೆ ಹಲ್ಲಿ ಬಿದ್ದರೆ ಏನು ಫಲವೆಂದು ಪಂಚಾಂಗದಲ್ಲಿದೆ, ಇದಕ್ಕೆ ಇಲ್ಲ. ಹುಡುಕಿದ್ದೊಂದು, ಸಿಕ್ಕಿದ್ದೊಂದು ಆಗುವುದು ನಮ್ಮ ಕಡೆ ಹೊಸದಲ್ಲ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಚಿನ್ನ ಹುಡುಕುತ್ತ ಮಸ್ಕಿಗೆ ಬಂದು ಬಂಡೆಯ ಮೇಲೆ ಶಾಸನ ಕಂಡ. ಶಾಸನಗಳ ‘ದೇವಾನಾಂಪ್ರಿಯ’ನೆಂದರೆ ಅಶೋಕನೇ ಎಂದು ಅದರಿಂದ ಖಚಿತವಾಯಿತು. ಚಿನ್ನ ಹುಡುಕಿದವನಿಗೆ ಚಕ್ರವರ್ತಿ ಸಿಕ್ಕ, ಕಳ್ಳನನ್ನು ಹುಡುಕಿದ ನನಗೆ ಹಲ್ಲಿ.

ಉಪ್ಪಿಟ್ಟು ತಿಂದು ಮಲಗೆದ್ದ ಮೇಲೆ ಭಾವಮೈದುನನಿಗೆ ಹುರುಪು ಬಂತು. “ಮನುಷ್ಯಾರನ್ನ ಹಿಡಿತೈತೋ ಇಲ್ಲೋ ನೋಡೇಬಿಡೋಣು.” ನಡುಮಧ್ಯಾಹ್ನ. ರಾಯಚೂರು ಜಿಲ್ಲೆಯ ಮೇ ಬಿಸಿಲು ನಲವತ್ತು ದಾಟುವುದು ಸುದ್ದಿಯೇ ಅಲ್ಲ. ಅವನು ಗಾಡಿಯೊಳಗೆ ಆಚೆ ಈಚೆ ನಡೆದ, ಪೆಟ್ಟಿಗೆ ತುಟಿಪಿಟಕ್ ಎನ್ನಲಿಲ್ಲ. ನಾನು ಬನಿಯನ್ನಿನಲ್ಲೇ ಹೊಕ್ಕು ಕೈ ಬೀಸಿದೆ, ಕುಪ್ಪಳಿಸಿದೆ, ಕೊನೆಗೆ ಮೊಹರಮ್ಮಿನ ಹೆಜ್ಜೆ ಕುಣಿತವನ್ನೂ ಹಾಕಿದೆ. ಗೇಟಿನಾಚೆ ಹುಡುಗರು ಶೂಟಿಂಗ್ ಶುರುವಾಯಿತೆಂದು ಮೊಬೈಲ್ ಎತ್ತಿಕೊಂಡರು. ಸೆನ್ಸರೇನೂ ಕೆಟ್ಟಿರಲಿಲ್ಲ. ಕಾದ ತಗಡು ಮೈಯಷ್ಟೇ ಬಿಸಿಯಾಗಿರುವಾಗ ಮನುಷ್ಯನಿಗೂ ಗಾಡಿಯ ಗೋಡೆಗೂ ಸೆನ್ಸರಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ಇದನ್ನೆಲ್ಲ ಕಟ್ಟೆಯ ಮೇಲೆ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ ಅತ್ತೆಗೆ ಸಾವಕಾಶವಾಗಿ ವಿವರಿಸಿದೆ. ಅವರು ಸುಣ್ಣ ಹಚ್ಚುತ್ತ ಕೇಳಿಸಿಕೊಂಡರು.

“ಅಂದ್ರ ಆ ಮಿಷನ್ನಿನ ಲೆಕ್ಕದಾಗ ನೀವು ಇಲ್ಲ?”

“ಇಲ್ಲ.”

“ಮತ್ತ ನಾ ಅತ್ತಿದ್ದರಾಗ ತಪ್ಪೇನೈತ್ರಿ? ಕ್ರೂಸರಿನವಗ ಬಾಡಿಗಿ ಕೊಟ್ಟು ಕಳಸ್ರಿ.”