ರಜೆಯ ಗೃಹಾಚಾರ್ಯರು

ಏಪ್ರಿಲ್ 10ರ ಪಾಸು-ಫೇಲು ಮುಗಿದು ಶಾಲೆಗಳಿಗೆ ಬೀಗ ಬಿದ್ದೊಡನೆ ಮೈಸೂರಿನ ಮಧ್ಯಮವರ್ಗದ ಮನೆಗಳಲ್ಲಿ ಪ್ರಕಟಗೊಂಡು, ಮೇ ಕೊನೆಗೆ ಅಂತರ್ಧಾನವಾಗುವ ಒಂದು ಬಗೆಯ ತಂದೆಯನ್ನು ಗೃಹಾಚಾರ್ಯರೆಂದು ಕರೆಯಬಹುದು. ವರ್ಷದ ಉಳಿದ ದಿನಗಳಲ್ಲಿ ಮಗಳು ಎಷ್ಟನೆಯ ತರಗತಿಯೆಂಬುದನ್ನು ಹೆಂಡತಿಯಿಂದ ಕೇಳಿ ತಿಳಿಯುವ ಇವರು, ರಂಗಾಯಣದ ಚಿಣ್ಣರ ಮೇಳಕ್ಕೆ, ಅಂದರೆ ಮಕ್ಕಳಿಗೆ ನಾಟಕ, ಹಾಡು ಮುಂತಾದವನ್ನು ಕಲಿಸಲು ಆ ರಂಗಸಂಸ್ಥೆ ಬೇಸಿಗೆಯಲ್ಲಿ ನಡೆಸುವ ಶಿಬಿರಕ್ಕೆ, ಅರ್ಜಿ ಹಿಡಿದು ಹೋಗುವಷ್ಟರಲ್ಲಿ ಜಾಗ ಭರ್ತಿಯಾಗಿರುವುದರಿಂದ, ಮೇಳವನ್ನು ಮನೆಯಲ್ಲೇ ನಡೆಸುವ ಸಂಕಲ್ಪ ತೊಡುತ್ತಾರೆ.

ಸಂಕಲ್ಪದ ಮೊದಲ ಫಲ ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಳ್ಳುವ ವೇಳಾಪಟ್ಟಿ. ಅದರಲ್ಲಿ 9ರಿಂದ 10ರವರೆಗೆ ಜೇಡಿಮಣ್ಣು, 10ರಿಂದ 11ರವರೆಗೆ ಚಿತ್ರಕಲೆ, 11ರಿಂದ 11.15ರವರೆಗೆ ‘ಮುಕ್ತ ಕಲ್ಪನೆ’ ಎಂದಿರುತ್ತದೆ. ಕಲ್ಪನೆಗೆ ಕಾಲು ಗಂಟೆ ಜಾಸ್ತಿಯಾಯಿತೇನೋ ಎಂಬ ಅನುಮಾನವೂ ಅವರಿಗಿರುತ್ತದೆ. ಶಿವರಾಮ ಕಾರಂತರ ‘ಬಾಲಪ್ರಪಂಚ’ದ ಮೂರೂ ಸಂಪುಟಗಳನ್ನು ಅಟ್ಟದಿಂದಿಳಿಸಿ ಧೂಳು ಕೊಡವುತ್ತಾರಾದರೂ, ಮಕ್ಕಳು ಮುಟ್ಟುವ ಮೊದಲೇ ತಾವು ಓದಲು ಕುಳಿತು, ಪುಟ ಹರಿದೀತೆಂದು ಮತ್ತೆ ಮೇಲೇರಿಸುತ್ತಾರೆ.

ಗೃಹಾಚಾರ್ಯರ ನಿಜವಾದ ಸಂಕಟವೆಂದರೆ ಮಗು ಎಳೆದ ಸೊಟ್ಟ ಗೆರೆಯನ್ನು ಕಂಡೂ ಸುಮ್ಮನಿರಲಾಗದಿರುವುದು. ಚೌಕಾಬಾರ ಎಂಬುದು ಐದು ಸಾಲಿಗೆ ಐದರಂತೆ 25 ಮನೆಗಳನ್ನು ಬರೆದು, ನಾಲ್ಕು ಕವಡೆಗಳನ್ನು ಉರುಳಿಸಿ, ಎಲ್ಲವೂ ಅಂಗಾತ ಬಿದ್ದರೆ ನಾಲ್ಕು, ಎಲ್ಲವೂ ಬೋರಲಾದರೆ ಎಂಟು ಎಂದು ಲೆಕ್ಕ ಹಾಕಿ ಕಾಯಿ ನಡೆಸುವ ಆಟ. ಅಜ್ಜಿಯಾದರೆ ಕಣ್ಣು ಮಿಟುಕಿಸುವುದರೊಳಗೆ ಬರೆದುಬಿಡುವ ಈ ಮನೆಗಳನ್ನು ಆಚಾರ್ಯರು ಮಗಳಿಗೆ ‘ಸ್ವತಂತ್ರವಾಗಿ’ ಬರೆಯಲು ಬಿಟ್ಟು, ಮೊದಲ ಗೆರೆ ಡೊಂಕಾದ ಕೂಡಲೇ ಬಳಪ ಕಿತ್ತುಕೊಂಡು, ಸ್ಕೇಲು, ದಾರ, ಒದ್ದೆ ಬಟ್ಟೆಗಳೊಡನೆ ನೆಲಕ್ಕೆ ಕುಳಿತು, ಕಟ್ಟೆಗಳ, ಎಂದರೆ ಎದುರಾಳಿ ಕಾಯಿ ಹೊಡೆಯಲಾಗದ ಮನೆಗಳ, ಓರೆಗೆರೆಗಳು ಮೂಲೆಗೆ ಮೂಲೆ ಕೂಡುವವರೆಗೆ ಒರೆಸಿ ಒರೆಸಿ ಬರೆಯುತ್ತಾರೆ. “ಆಯ್ತಾ ಅಪ್ಪಾ?” ಎಂದು ಮಗಳು ಮೂರನೆಯ ಬಾರಿ ಕೇಳಿದಾಗ “ತಡಿ ಪುಟ್ಟಿ, ಸೃಜನಶೀಲತೆಗೆ ತಾಳ್ಮೆ ಬೇಕು” ಎಂಬ ಉತ್ತರ ಬರುತ್ತದೆ. ಅಡುಗೆಮನೆಯಿಂದ ಅಜ್ಜಿ, “ಅವನ ಪಾಡಿಗೆ ಅವನು ಆಡ್ಕೊಳ್ಳಲಿ ಬಿಡ್ರೋ, ನೀವು ಈಚೆ ಬನ್ನಿ” ಎನ್ನುತ್ತಾರೆ.

ಈಚೆ ಬಂದ ಮಕ್ಕಳು ಹಿತ್ತಿಲಲ್ಲಿ ಆಡುವುದು, ವಿಚಿತ್ರವೆಂದರೆ, ಶಾಲೆಯ ಆಟವನ್ನೇ. ತುಳಸಿ, ಕ್ರೋಟನ್, ದೊಡ್ಡಪತ್ರೆಯ ಕುಂಡಗಳಿಗೆಲ್ಲ ಹಾಜರಿ ಹಾಕಿ, ಹೋಂವರ್ಕ್ ಮಾಡದ ಕ್ರೋಟನ್‌ಗೆ ಕಡ್ಡಿಯಿಂದ ನಾಲ್ಕೇಟು ಬಿಗಿದು, ಅದರ ತಂದೆಯನ್ನು ಕರೆತರುವಂತೆ ಅಪ್ಪಣೆ ಮಾಡುತ್ತಾರೆ. ವೇಳಾಪಟ್ಟಿಯಲ್ಲಿ ಇಲ್ಲದ ಈ ಚಟುವಟಿಕೆಯನ್ನು ಆಚಾರ್ಯರು ‘ಗಲಾಟೆ’ ಎಂಬ ವರ್ಗಕ್ಕೆ ಸೇರಿಸುತ್ತಾರೆ. ಮೇಳದಲ್ಲಿ ಸೀಟು ಸಿಕ್ಕಿದ್ದರೆ ಇದನ್ನೇ ನಾಟಕವೆಂದು ಚಪ್ಪಾಳೆ ತಟ್ಟಿ, ವಿಡಿಯೊ ಮಾಡಿ ಬಂಧುಗಳಿಗೆಲ್ಲ ಕಳುಹಿಸುತ್ತಿದ್ದರೆಂಬುದರಲ್ಲಿ ಸಂಶಯವಿಲ್ಲ.

ಮೇ ಕೊನೆಯ ವಾರದಲ್ಲಿ ಶಾಲೆಯ ರಜಾ ಪ್ರಾಜೆಕ್ಟು ನೆನಪಾಗಿ, ಮಕ್ಕಳು ಮಲಗಿದ ಮೇಲೆ ಥರ್ಮೋಕೋಲಿನ ಮೈಸೂರು ಅರಮನೆಯೊಂದು ಏಳುತ್ತದೆ. ಶಾಲೆ ತೆರೆದ ಮೇಲೆ ಅದಕ್ಕೆ ಸಿಗುವ ‘ವೆರಿ ಗುಡ್’ ಅನ್ನು ಗೃಹಾಚಾರ್ಯರು ಮೊಬೈಲಿನಲ್ಲಿ ಸೆರೆಹಿಡಿದು ಕಚೇರಿಯವರಿಗೆಲ್ಲ ತೋರಿಸುತ್ತಾರೆ. ರಜೆಯುದ್ದಕ್ಕೂ ಅಷ್ಟು ಶ್ರದ್ಧೆಯಿಂದ ದುಡಿದವರು ಆ ಮನೆಯಲ್ಲಿ ಬೇರೊಬ್ಬರಿಲ್ಲದ ಕಾರಣ, ಆ ಬಹುಮಾನ ಸಲ್ಲಬೇಕಾದವರಿಗೇ ಸಂದಿದೆ.