ನಿಂಬೆಗಣಿ ಮೀಮಾಂಸೆ

ಚಿನ್ನವೂ ಹಳದಿ, ನಿಂಬೆಯೂ ಹಳದಿ. ಭೂಗರ್ಭಶಾಸ್ತ್ರಜ್ಞರು ಇದನ್ನು ಇಷ್ಟು ದಿನ ಗಮನಿಸದೆ ಬಿಟ್ಟದ್ದೇ ಈ ಪ್ರಬಂಧಕ್ಕೆ ಕಾರಣ.

ಪ್ರಮೇಯ: ಕೋಲಾರ ಸೀಮೆಯ ಅತ್ಯುತ್ತಮ ಅದಿರು ನಿಂಬೆಹಣ್ಣು.

ಪ್ರಮಾಣ: ಗಣಿ ನಡೆಸಿದ ಜಾನ್ ಟೇಲರ್ ಕಂಪನಿಯ ಮೊದಮೊದಲ ವರ್ಷಗಳಲ್ಲಿ ಕೆ.ಜಿ.ಎಫ್. ಅದಿರು ಟನ್ನಿಗೆ 40 ಗ್ರಾಂ ಮೀರಿ ಚಿನ್ನ ಕೊಟ್ಟಿತು. 2001ರ ಫೆಬ್ರುವರಿ 28ರಂದು ಗಣಿಗೆ ಬೀಗ ಬೀಳುವ ಹೊತ್ತಿಗೆ ಅದು ಮೂರು ಗ್ರಾಮಿನ ಆಸುಪಾಸಿಗೆ ಇಳಿದಿತ್ತು. ನಿಂಬೆಯಲ್ಲಿ ಸಿ ಜೀವಸತ್ವ ನೂರು ಗ್ರಾಮಿಗೆ ಸುಮಾರು 29 ಮಿಲಿಗ್ರಾಂ. ಅಂದರೆ ಟನ್ನಿಗೆ 290 ಗ್ರಾಂ! ಚಿನ್ನಕ್ಕೆಂದು ಚಾಂಪಿಯನ್ ರೀಫ್‌ನಲ್ಲಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದರು, 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಎಳೆಸಿದರು. ನಿಂಬೆಗೆ ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟೂ ಒಂದು ಹೆಬ್ಬೆರಳೂ ಸಾಕು.

ಪೂರ್ವಪಕ್ಷ: ನಿಂಬೆಯನ್ನು ಅಡವಿಟ್ಟರೆ ಸಾಲ ಹುಟ್ಟುವುದಿಲ್ಲವಲ್ಲ? ಉತ್ತರ: 1747ರಲ್ಲಿ ಒಸಡು ಕೊಳೆತು ನರಳುತ್ತಿದ್ದ ನಾವಿಕರಿಗೆ ಹಡಗಿನ ವೈದ್ಯ ಜೇಮ್ಸ್ ಲಿಂಡ್ ತಿನ್ನಿಸಿದ್ದು ಕಿತ್ತಳೆ ಮತ್ತು ನಿಂಬೆಯ ಜಾತಿಯ ಹಣ್ಣು, ಎರಡೆಳೆ ಸರವನ್ನಲ್ಲ.

ವಿನಿಯೋಗ: ಮುದ್ದೆ, ಸೊಪ್ಪಿನ ಸಾರಿಗೆ ಹಿಂಡಿದರೆ ಅವುಗಳಲ್ಲಿರುವ ಕಬ್ಬಿಣಾಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ಒಲೆಯಿಂದ ಇಳಿಸಿದ ಮೇಲೆ ಹಿಂಡಬೇಕು, ಬಿಸಿಗೆ ಸಿ ಜೀವಸತ್ವ ನಿಲ್ಲದು. ಹಿತ್ತಾಳೆ ದೀಪ ಬೆಳಗಲೂ ಬಂದೀತು. ಇಡೀ ದಿನ ಹೋಳು ಚೀಪುವವರಿಗೆ ಎಚ್ಚರಿಕೆ: ಈ ಗಣಿಯಲ್ಲಿ ಸವೆಯುವುದು ಹಲ್ಲು.

ಇನ್ನು ಸೂಕ್ಷ್ಮ ಭೌತಶಾಸ್ತ್ರ. ಭೂಮಿಯನ್ನೇ ತೂರಿಹೋಗುವ ನ್ಯೂಟ್ರಿನೊ ವಾತಾವರಣದಲ್ಲಿ ಹುಟ್ಟುತ್ತದೆಂಬುದಕ್ಕೆ 1965ರಲ್ಲಿ ಸುಳಿವು ಸಿಕ್ಕಿದ್ದು ಇದೇ ಗಣಿಯ ಎರಡು ಕಿಲೋಮೀಟರಿಗೂ ಕೆಳಗೆ. ಅಷ್ಟು ಬಂಡೆಯೂ ಅದನ್ನು ತಡೆಯಲಿಲ್ಲ. ಕೆಟ್ಟ ದೃಷ್ಟಿಯನ್ನಾದರೋ ಅಂಗಡಿ ಬಾಗಿಲಿನ ಒಂದು ನಿಂಬೆ, ನಾಲ್ಕು ಹಸಿಮೆಣಸಿನಕಾಯಿ ತಡೆದು ನಿಲ್ಲಿಸುತ್ತವೆ. ಆದ್ದರಿಂದ ದೃಷ್ಟಿಯು ನ್ಯೂಟ್ರಿನೊಗಿಂತ ದಪ್ಪ ಎಂದು ಸಿದ್ಧವಾಯಿತು. ಆಯುಧಪೂಜೆಯಲ್ಲಿ ಟೈರಿನಡಿ ಅಪ್ಪಚ್ಚಿಯಾಗುವ ಹಣ್ಣುಗಳು ಈ ಸಂಶೋಧನೆಯ ಬಲಿದಾನಿಗಳು.

ಕಾಣದ್ದನ್ನು ಪತ್ತೆಹಚ್ಚುವ ಪರಂಪರೆ ಮಾರಿಕುಪ್ಪಂ ರೈಲು ಹತ್ತಿ ಬಂಗಾರಪೇಟೆಗೂ ಹೋಗಿದೆ. ಅಲ್ಲಿನ ಪಾನಿಪುರಿಯ ಪಾನಿ ನೋಡಲು ಬರೀ ನಲ್ಲಿನೀರು; ಬಾಯಿಗೆ ಬಿದ್ದರೆ ಕಣ್ಣಲ್ಲೂ ನೀರು. ಒಳಗಿನ ಹುಳಿ ಯಾರದು ಎಂದರೆ ಗಾಡಿಯವರು ನಗುತ್ತಾರೆ. ನಗೆಯನ್ನು ಪ್ರಮಾಣವೆಂದು ಒಪ್ಪಬಹುದೇ ಎಂಬುದನ್ನು ಮುಂದಿನ ಸಂಪುಟದಲ್ಲಿ ಚರ್ಚಿಸಲಾಗುವುದು.

ಕಡೆಯದಾಗಿ ತ್ಯಾಜ್ಯ ನಿರ್ವಹಣೆ. ಚಿನ್ನ ತೆಗೆದು ಬಿಸಾಕಿದ ಹುಡಿ ಸೈನೈಡ್ ದಿಬ್ಬಗಳಾಗಿ ಇಂದಿಗೂ ಕೆ.ಜಿ.ಎಫ್. ಜನರ ಕಣ್ಣೆದುರಿದೆ, ಗಾಳಿ ಬೀಸಿದರೆ ಕಣ್ಣೊಳಗೂ ಇರುತ್ತದೆ. ನಿಂಬೆಗಣಿಗೆ ಆ ಕಳಂಕ ಬೇಡ. ಓದುಗರು ರಸ ತೆಗೆದ ಸಿಪ್ಪೆಯನ್ನು ಎಸೆಯದೆ ಉಪ್ಪು ಬೆರೆಸಿ ಭರಣಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಬಿಸಿಲಿಗಿಡಬೇಕಾಗಿ ವಿನಂತಿ. ಕೋಲಾರ ಜಿಲ್ಲೆಯಲ್ಲಿ ನೀರಿಗೆ ಬರವಿದ್ದೀತು, ಬಿಸಿಲಿಗಿಲ್ಲ.