ಪವರ್ ರೀಜನರೇಟರ್ ಮಹಾಸನ್ನಿಧಾನಕ್ಕೆ ಒಂದು ಬಿನ್ನಹ

ನಮ್ಮ ಹಾಲಿನ ಮೂಲೆಯಲ್ಲಿ, ಸಾಗುವಾನಿ ಸ್ಟ್ಯಾಂಡಿನ ಮೇಲೆ ಬಿಜಯಂಗೈದಿರುವ ಪವರ್ ರೀಜನರೇಟರ್ ಸಾಹೇಬರಿಗೆ ಈ ಸೇವಕನ ಸಾಷ್ಟಾಂಗ ನಮಸ್ಕಾರಗಳು. ಇತ್ತ ನಾವೆಲ್ಲ ಕ್ಷೇಮ. ತಮ್ಮ ಕ್ಷೇಮ ವಿಚಾರಿಸುವ ಅಗತ್ಯವೇ ಇಲ್ಲ. ಒಳಗೆ ಬಂದದ್ದು 207 ವೋಲ್ಟ್, ಹೊರಗೆ ಹೋದದ್ದು 230 ವೋಲ್ಟ್ ಎಂದು ತಾವೇ ಹಗಲೂ ರಾತ್ರಿ ಹಣೆಯ ಮೇಲೆ ಬರೆದುಕೊಂಡು ಕೂತಿರುತ್ತೀರಿ.

ತಮ್ಮ ಕೆಲಸ ಸಾಮಾನ್ಯದ್ದಲ್ಲ. ಕಂಡೀಷನರ್ ಎಂಬ ತಮ್ಮ ಬಡ ನೆಂಟರು ಬಂದ ಕರೆಂಟನ್ನು ಕಾಯಿಲ್ಲು, ಕೆಪಾಸಿಟರುಗಳಲ್ಲಿ ಸೋಸಿ ಮುಂದಕ್ಕೆ ಬಿಡುತ್ತಾರೆ, ಅಷ್ಟೆ. ತಮಗೆ ಸೋಸಿದ್ದು ಸೇರದು. ಗೋಡೆಯಿಂದ ಬಂದ ಎಸಿಯನ್ನು ಪೂರ್ತಿ ಡಿಸಿ ಮಾಡಿ, ಅದರಿಂದ 50 ಹರ್ಟ್ಸಿನ ಹೊಚ್ಚಹೊಸ ಸೈನ್ ಅಲೆಯನ್ನೇ ಹುಟ್ಟಿಸುತ್ತೀರಿ. ಊರಿನ ಕಂಪ್ಯೂಟರು, ಟಿವಿ, ಚಾರ್ಜರುಗಳೆಲ್ಲ ಅಲೆಯ ನೆತ್ತಿಗೇ ಬಾಯಿ ಹಾಕಿ ಕರೆಂಟು ಹೀರುವುದರಿಂದ ಆ ನೆತ್ತಿ ಚಪ್ಪಟೆಯಾಗಿರುತ್ತದಂತೆ. ತಮ್ಮ ಕೃಪೆಯಿಂದ ನಮ್ಮ ಮನೆಯಲ್ಲಿ ಮಾತ್ರ ಅದು ಗುಂಡಗಿದೆ. ಆದರೆ ನನ್ನ ಆಂಪ್ಲಿಫೈಯರ್ ಎಂಬ ಕೃತಘ್ನ ಏನು ಮಾಡುತ್ತದೆ ಬಲ್ಲಿರಾ? ತಾವು ಅಷ್ಟು ಕಷ್ಟಪಟ್ಟು ಮಾಡಿಕೊಟ್ಟ ಅಲೆಯನ್ನು ಟ್ರಾನ್ಸ್‌ಫಾರ್ಮರಿನಲ್ಲಿ ಇಳಿಸಿ, ನಾಲ್ಕು ಡಯೋಡಿನಲ್ಲಿ ಮಡಚಿ, ದೊಡ್ಡ ದೊಡ್ಡ ಕೆಪಾಸಿಟರುಗಳಲ್ಲಿ ತುಂಬಿ ಮತ್ತೆ ಡಿಸಿ ಮಾಡಿಕೊಳ್ಳುತ್ತದೆ! ಬಟ್ಟಿ ಇಳಿಸಿದ ನೀರನ್ನು ತಂದು ಹುಳಿಗೆ ಸುರಿದ ಹಾಗಾಯಿತು. ತಮ್ಮಂಥ ದೊಡ್ಡವರು ಇಂಥ ಅವಮಾನವನ್ನು ಮೌನವಾಗಿ ನುಂಗಿಕೊಂಡಿರುವುದು ಕಂಡು ನನ್ನ ಕಣ್ಣು ಒದ್ದೆಯಾಗುತ್ತದೆ. ತಮ್ಮ ಬೆಲೆ ಆಂಪ್ಲಿಫೈಯರಿನ ಬೆಲೆಗಿಂತ ಹೆಚ್ಚು ಎಂಬುದು ನೆನಪಾದಾಗ ಇನ್ನಷ್ಟು ಒದ್ದೆಯಾಗುತ್ತದೆ.

ವಾಲ್ವ್ ಆಂಪ್ಲಿಫೈಯರ್ ಇಟ್ಟುಕೊಂಡವರಿಗೆ ತಮ್ಮಿಂದ ನಿಜಕ್ಕೂ ಉಪಕಾರವಿದೆ. ಲೈನಿನ ವೋಲ್ಟೇಜು ಏರಿಳಿದರೆ ಅವರ ವಾಲ್ವಿನ ಹೀಟರೂ ಅದರ ಜೊತೆಗೇ ಏರಿಳಿಯುತ್ತದೆ. ನನ್ನದು ಟ್ರಾನ್ಸಿಸ್ಟರಿನದು. ತಮ್ಮನ್ನು ಮಾರಿದ ಪುಣ್ಯಾತ್ಮರು ಈ ವ್ಯತ್ಯಾಸ ಹೇಳಿ ನನ್ನ ಉತ್ಸಾಹ ಕುಂದಿಸಲು ಇಷ್ಟಪಡಲಿಲ್ಲ.

ಶಾಖದ ವಿಷಯದಲ್ಲೂ ತಮ್ಮದು ಕೊಡುಗೈ. ತಮ್ಮ ಕುಲವನ್ನು ಮನೆಯ ಆಡಿಯೋಗೆಂದು ತಂದವರು ಅಮೆರಿಕದ ಪಿಎಸ್ ಆಡಿಯೋದವರು. ‘ಪವರ್ ಪ್ಲಾಂಟ್’ ಎಂಬ ಹೆಸರಿನಲ್ಲಿ, 1990ರ ದಶಕದ ಕೊನೆಗೆ. ಆ ಹಿರಿಯರು ಪಡೆದ ವಿದ್ಯುತ್ತಿನಲ್ಲಿ ಹೆಚ್ಚುಕಡಿಮೆ ಅರ್ಧವನ್ನು ಬಿಸಿಯಾಗಿ ಕೋಣೆಗೇ ದಾನ ಮಾಡುತ್ತಿದ್ದರು. ತಾವು ಬೇರೆ ಮನೆತನದವರು, ಮಿತವ್ಯಯಿಗಳು. ಆದರೂ ಏಪ್ರಿಲ್ ತಿಂಗಳ ಬೆಂಗಳೂರಿನಲ್ಲಿ ತಮ್ಮ ಪಕ್ಕ ಕೂತು ಸಂಗೀತ ಕೇಳುವವರಿಗೆ ಸೌನಾ ಸ್ನಾನದ ಖರ್ಚು ಉಳಿಯುತ್ತದೆ. ಬಿಸಿ ಹೆಚ್ಚಾದೊಡನೆ ತಮ್ಮ ಬೆನ್ನಿನ ಫ್ಯಾನು ತಿರುಗತೊಡಗುವುದು ಸರಿಯಾಗಿ ಆಲಾಪದ ನಡುವೆ. ತಮ್ಮ ರಸಿಕತೆಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ತಮ್ಮ ಇನ್ನೊಂದು ಉಪಕಾರವನ್ನು ಮರೆತರೆ ಪಾಪ ಸುತ್ತಿಕೊಂಡೀತು. ಪಕ್ಕದ ಮನೆಯಲ್ಲಿ ಬೆಳಗ್ಗೆ ಹೇರ್ ಡ್ರೈಯರ್ ಹಾಕುತ್ತಾರೆ. ಕೆಲವು ಡ್ರೈಯರುಗಳು ಅರ್ಧ ಬಿಸಿಯಲ್ಲಿದ್ದಾಗ ಒಳಗಿನ ಡಯೋಡು ಅಲೆಯ ಅರ್ಧಭಾಗವನ್ನು ತಡೆಯುವುದರಿಂದ ಲೈನಿಗೆ ಒಂದಿಷ್ಟು ಡಿಸಿ ಸೇರಿಕೊಳ್ಳುತ್ತದೆ. ಚಕ್ಕುಲಿಯಾಕಾರದ ಟೊರಾಯ್ಡಲ್ ಟ್ರಾನ್ಸ್‌ಫಾರ್ಮರಿಗೆ ಅಷ್ಟೇ ಸಾಕು, ಗೊಣಗಲು ಶುರುಮಾಡುತ್ತದೆ. ತಾವು ಬಂದ ಮೇಲೆ ನನ್ನ ಆಂಪ್ಲಿಫೈಯರ್ ಗೊಣಗುವುದನ್ನು ಬಿಟ್ಟಿದೆ. ಈಗ ತಾವು ಗೊಣಗುತ್ತೀರಿ. ಸೇವಕನ ಕಷ್ಟವನ್ನು ಒಡೆಯರೇ ಮೈಮೇಲೆ ಎಳೆದುಕೊಂಡ ಕಥೆ ಪುರಾಣದಲ್ಲೂ ಅಪರೂಪ.

ನಾನು ತಮ್ಮ ಮೊರೆ ಹೊಕ್ಕದ್ದು ಇನ್ನೊಂದು ‘ಗುಂಯ್’ ಸದ್ದಿಗಾಗಿ. ಅದು ಹೊರಡುತ್ತಿದ್ದದ್ದು ಸ್ಪೀಕರಿನಿಂದ. ತಾವು ಪಟ್ಟಕ್ಕೆ ಬಂದ ಮೇಲೂ ಅದು ಎಳ್ಳಷ್ಟೂ ಅಳುಕದೆ ಮುಂದುವರಿಯಿತು. ಅಂಗಡಿಯವರನ್ನು ಕೇಳಿದರೆ, “ಸರ್, ಮಷೀನು ಸೆಟ್ಟಾಗ್ಬೇಕು, ಟೈಮ್ ಕೊಡಿ” ಎಂದರು. ಕೊಟ್ಟೆ. ಆಮೇಲೆ ಒಂದು ದಿನ ಸೆಟ್‌ಟಾಪ್ ಬಾಕ್ಸ್ ಬದಲಿಸಲು ಕೇಬಲ್ ಹುಡುಗ ಬಂದ. ಬಾಗಿಲ ಬಳಿ ಚಪ್ಪಲಿ ಬಿಟ್ಟು ಒಳಗೆ ಬಂದವನು ಟಿವಿಯ ಹಿಂದೆ ಕೈಹಾಕಿ ಕರೀ ವೈರಿನ ತುದಿಯನ್ನು ತಿರುಗಿಸಿ ಕಿತ್ತನೋ ಇಲ್ಲವೋ, ಸದ್ದು ನಿಂತೇ ಹೋಯಿತು! ಬೀದಿಯಿಂದ ಬಂದ ಕೇಬಲ್ಲಿನ ಅರ್ಥ್ ಒಂದು, ಮನೆಯ ಅರ್ಥ್ ಇನ್ನೊಂದು. ಎರಡರ ನಡುವಿನ ವ್ಯತ್ಯಾಸ ನನ್ನ ಆಂಪ್ಲಿಫೈಯರಿನ ಮೂಲಕ ಹರಿದು ಹಾಡುತ್ತಿತ್ತು. ಆ ದಾರಿಯೇ ಬೇರೆ ಆದ್ದರಿಂದ ತಮ್ಮ ಗಮನಕ್ಕೆ ಬರಲಿಲ್ಲ, ಅದರಲ್ಲಿ ತಮ್ಮ ದೋಷ ಖಂಡಿತ ಇಲ್ಲ. ಹುಡುಗ ದುಡ್ಡೂ ಕೇಳಲಿಲ್ಲ, ಕಾಫಿ ಕುಡಿದು ಹೋದ.

ಪವರ್ ಕಟ್ಟಿನ ಪ್ರಸಂಗವನ್ನು ಎತ್ತಲು ಸಂಕೋಚವಾಗುತ್ತದೆ. ಕರೆಂಟು ಹೋದ ಒಂದು ಸಂಜೆ ಮನೆಯ ಫ್ಯಾನು, ದೀಪ ಎಲ್ಲ ಹಳೆಯ ಇನ್ವರ್ಟರಿನ ದಯೆಯಿಂದ ನಡೆಯುತ್ತಿದ್ದವು, ತಾವು ಮಾತ್ರ ಕಣ್ಣುಮುಚ್ಚಿದ್ದಿರಿ. “ಇಷ್ಟೊಂದು ದುಡ್ಡು ಸುರಿದು ತಂದಿದೀರ, ಇದರಲ್ಲಿ ಬ್ಯಾಟರಿ ಇಲ್ವಾ?” ಎಂದು ಅತ್ತೆಯವರು ಕೇಳಿದರು. ಇಲ್ಲ, ಇದು ಕರೆಂಟು ಇದ್ದಾಗ ಕರೆಂಟು ಕೊಡುವ ಯಂತ್ರ ಎಂದು ವಿವರಿಸಿದೆ. ಅವರು ಮತ್ತೇನೂ ಕೇಳಲಿಲ್ಲ. ಬೇಸಿಗೆಯಲ್ಲಿ ವೋಲ್ಟೇಜು ತೀರಾ ಇಳಿದಾಗಲೂ ತಾವು ಕೆಲಸ ನಿಲ್ಲಿಸಿ ವಿಶ್ರಾಂತಿಗೆ ತೆರಳುತ್ತೀರಿ. ಅದಕ್ಕೆ ಅಂಗಡಿಯವರ ಪರಿಹಾರ: ತಮ್ಮ ಮುಂದೆ ಒಂದು ಸರ್ವೋ ಸ್ಟೆಬಿಲೈಜರ್ ಇಡುವುದು. ತಮ್ಮನ್ನು ಕಾಯಲು ಅದು ಬಂದರೆ ಅದನ್ನು ಕಾಯಲು ಯಾರನ್ನು ತರಬೇಕೆಂದು ದಯವಿಟ್ಟು ಈಗಲೇ ತಿಳಿಸಿ, ಪಿಎಫ್ ಹಣ ತೆಗೆಯಲು ಅರ್ಜಿ ಹಾಕಬೇಕು.

ನಾನು ಹೆಚ್ಚಾಗಿ ಕೇಳುವುದು ಮಲ್ಲಿಕಾರ್ಜುನ ಮನ್ಸೂರರನ್ನು. ಅವರು ತೀರಿಕೊಂಡದ್ದು 1992ರಲ್ಲಿ. ಮನೆಯ ಆಡಿಯೋ ಲೋಕದಲ್ಲಿ ತಮ್ಮ ಕುಲದ ಅವತಾರವಾದದ್ದು ಅದರ ಮೇಲೆ. ಪಾಪ, ಅವರ ಶಿವಮತ ಭೈರವ ರಾಗವೆಲ್ಲ ತಮ್ಮ ಆಶೀರ್ವಾದವಿಲ್ಲದ ಕರೆಂಟಿನಲ್ಲೇ ಮುದ್ರಣವಾಗಿ ಹೋಯಿತು. ಆ ಟೇಪಿನ ಸುಯ್ ಸದ್ದನ್ನೂ ತಾವು ನನಗೆ ನಿಷ್ಠೆಯಿಂದ, ಸರಿಯಾಗಿ 230 ವೋಲ್ಟಿನಲ್ಲಿ ತಲುಪಿಸುತ್ತಿದ್ದೀರಿ.

ಆದಕಾರಣ ತಮ್ಮಲ್ಲಿ ಒಂದೇ ಕೋರಿಕೆ. ಹಾಡು ನಡೆಯುವಾಗ ಫ್ಯಾನನ್ನು ತಡೆಹಿಡಿಯಿರಿ, ಇಲ್ಲವೇ ಆ ಹಣೆಯ ಅಂಕಿಗಳನ್ನಾದರೂ ಆರಿಸಿ. ಎರಡೂ ಆಗದಿದ್ದರೆ ತಮ್ಮನ್ನು ಬಂದ ಪೆಟ್ಟಿಗೆಯಲ್ಲೇ ಸಕಲ ಮರ್ಯಾದೆಗಳೊಂದಿಗೆ ಕೂರಿಸಿ ಕಳಿಸಿಕೊಡಲು ಸಿದ್ಧನಿದ್ದೇನೆ. ಥರ್ಮೋಕೋಲು ಜೋಪಾನವಾಗಿ ಇಟ್ಟಿದ್ದೇನೆ.

ಇಂತಿ,
ತಮ್ಮ ಪಾದಸೇವಕ

ವಿ.ಸೂ.: ಈ ಪತ್ರ ಓದುತ್ತಿರುವ ಮಿತ್ರರೇ, ಸ್ಪೀಕರು ಗುಂಯ್ ಎಂದರೆ ಮೊದಲು ಕೇಬಲ್ ಟಿವಿಯ ವೈರು ಕಳಚಿ ನೋಡಿ. ನಿಲ್ಲದಿದ್ದರೆ ಎಲೆಕ್ಟ್ರಿಷಿಯನ್ನನ್ನು ಕರೆಸಿ ನ್ಯೂಟ್ರಲ್–ಅರ್ಥ್ ನಡುವೆ ಮೀಟರ್ ಇಡಿಸಿ, ಒಣಗಿದ ಅರ್ಥ್ ಗುಂಡಿಗೆ ನೀರು ಹುಯ್ಯಿಸಿ. ಪ್ಲಗ್ಗಿನ ಅರ್ಥ್ ಪಿನ್ನನ್ನು ಮಾತ್ರ ಯಾರು ಹೇಳಿದರೂ ಮುರಿಯಬೇಡಿ, ಜೀವಕ್ಕೆ ಅಪಾಯ.